ಬಿಚ್ಚದೆ ಹಾಕಿದ ಹೊಲಿಗೆ

ನಮ್ಮ ಭಾವ ದರ್ಜಿ. ಅಕ್ಕನಿಗಿಂತ ಮೊದಲೇ ಹೊಲಿಗೆ ಯಂತ್ರವನ್ನು ಕಟ್ಟಿಕೊಂಡವರು. ಇಬ್ಬರಲ್ಲಿ ಯಾರ ಮಾತು ನಡೆಯುತ್ತದೆಂದು ಅಕ್ಕನನ್ನು ಮಾತ್ರ ಕೇಳಬೇಡಿ. ಮಹಡಿ ಮೇಲಿನ ಅವರ ಅಂಗಡಿಗೆ ಯಾರಾದರೂ ದೊಗಳೆ ಅಂಗಿ ತಂದು, "ಸೈಡಲ್ಲಿ ಸ್ವಲ್ಪ ಹಿಡಿದುಕೊಡಿ" ಎಂದರೆ ಮುಗಿಯಿತು.

"ಹಿಡಿಯೋದಾ? ಪೂರ್ತಿ ಬಿಚ್ಚಿ, ಕತ್ತರಿಸಿ, ಮತ್ತೆ ಹೊಲೀಬೇಕು. ಬಿಚ್ಚದೆ ಹಾಕೋದು ಹೊಲಿಗೆಯಲ್ಲ, ಕಣ್ಣಿಗೆ ಮಣ್ಣೆರಚೋ ಕೆಲಸ!"

ಹೋದ ವರ್ಷ ಭಾವನಿಗೆ ಹೃದಯಾಘಾತವಾಯಿತು. ಜೀವ ಉಳಿಯಿತು, ಉಸಿರು ಸಾಲದಾಯಿತು. ಅಂಗಡಿಯ ಮೆಟ್ಟಿಲನ್ನು ಅರ್ಧ ಹತ್ತಿ, ಗೋಡೆಯ ಬಣ್ಣ ಪರೀಕ್ಷಿಸುವವರಂತೆ ನಿಲ್ಲುತ್ತಿದ್ದರು. ಅಕ್ಕನೂ ಪಕ್ಕದಲ್ಲಿ ನಿಂತು ಅದೇ ಬಣ್ಣ ನೋಡುತ್ತಿದ್ದಳು.

ಡಾಕ್ಟರಮ್ಮ ವಿವರಿಸಿದರು: "ಹೃದಯದ ಒಂದು ಭಾಗ ಸತ್ತು, ಸಡಿಲವಾಗಿ ಉಬ್ಬಿದೆ. ಪಕ್ಕೆಲುಬಿನ ಮಧ್ಯೆ ಸಣ್ಣದಾಗಿ ಕೊಯ್ದು, ಕುತ್ತಿಗೆಯ ರಕ್ತನಾಳದಿಂದ ತಂತಿ ಕಳಿಸಿ, ಆ ಭಾಗನ ಮಡಿಚಿ ಬಿಗಿದುಬಿಡ್ತೀವಿ. ಎದೆಮೂಳೆ ಸೀಳಲ್ಲ, ಹೃದಯ ನಿಲ್ಲಿಸೋದೂ ಇಲ್ಲ."

"ಬಿಚ್ಚದೇನೇ ಹಿಡೀತೀರಾ?" ಗಿರಾಕಿಯನ್ನು ಗದರುವ ಅದೇ ದನಿ. "ಪೂರ್ತಿ ಬಿಚ್ಚಿ ಮಾಡಿ, ಇಲ್ಲಾಂದ್ರೆ ಬೇಡಮ್ಮ."

"ಪೂರ್ತಿ ತೆರೆದ್ರೆ ತಡ್ಕೊಳ್ಳೋ ಶಕ್ತಿ ನಿಮಗಿಲ್ಲ. ಹೀಗೇ ಬಿಟ್ರೆ ಮುಂದಿನ ವರ್ಷದ ಮಾತು ನಾನು ಹೇಳಲಾರೆ."

ಭಾವ ಚಪ್ಪಲಿ ಮೆಟ್ಟಿ ಮನೆಗೆ ಬಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಅಕ್ಕ ಮೊದಲು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು, ಆಮೇಲೆ ಸದ್ದಿಲ್ಲದೆ ಅತ್ತಳು. ಪಾತ್ರೆಯ ಸದ್ದು ನಿಂತಾಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ನಾನು ನನ್ನ ಮನೆಗೆ ಓಡಿ, ನನ್ನ ಮದುವೆಯ ಕೋಟು ತಂದು ಭಾವನ ಮಡಿಲಿಗೆ ಹಾಕಿದೆ. "ಬೆನ್ನಿನ ಹತ್ರ ಒಳಗೆ ನೋಡಿ, ಭಾವ."

ಮದುವೆಯ ದಿನ ಇನ್ನೇನು ಹೊರಡಬೇಕು, ಕೋಟು ದೊಗಳೆ! ನನ್ನ ಮೈಮೇಲೆ ಇದ್ದಂತೆಯೇ ಹಿಂದೆ ಮಡಿಚಿ ಹೊಲಿದ ಮಹಾನುಭಾವರು ಇವರೇ. "ಉಸಿರಾಡು, ಅಲುಗಾಡಬೇಡ" ಎಂದಿದ್ದರು.

ಗಿರಾಕಿಗಳಿಗೆಲ್ಲಿ ಕೇಳಿಸೀತೋ ಎಂಬಂತೆ ಭಾವ ಬಾಗಿಲ ಕಡೆ ನೋಡಿದರು. "ಅದು ಆವತ್ತಿನ ಅವಸರ ಕಣಯ್ಯ."

"ಇಷ್ಟು ವರ್ಷಕ್ಕೆ ಒಂದು ದಾರ ಆದ್ರೂ ಬಿಟ್ಟಿದೆಯಾ?"

ಅವರು ಹೊಲಿಗೆಯನ್ನು ಎರಡೂ ಕಡೆ ಹಿಡಿದು ಜಗ್ಗಿದರು. ಮತ್ತೊಮ್ಮೆ ಜಗ್ಗಿದರು. "ಹೇಗೆ ಬಿಡುತ್ತೆ? ಹಾಕಿದ್ದು ಯಾರು!" ಎಂದು ಬೀಗಿ, ತಾವೇ ತೋಡಿದ ಹಳ್ಳಕ್ಕೆ ಬಿದ್ದರು. ಅಕ್ಕ ಆಗಲೇ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಳು.

ಚಿಕಿತ್ಸೆಯಾದ ಮೇಲೆ ಎದೆಯ ಪಕ್ಕದ ಪುಟ್ಟ ಗಾಯವನ್ನು ಕನ್ನಡಿಯಲ್ಲಿ ನೋಡಿ, "ಸ್ವಲ್ಪ ಓರೆ. ಇರಲಿ, ಕಲೀತಾರೆ" ಎಂದು ತೀರ್ಪು ಕೊಟ್ಟರು.

ಕೆಲವು ತಿಂಗಳ ಮೇಲೆ ಅಂಗಡಿ ಮತ್ತೆ ತೆರೆಯುವ ದಿನ ನಾನೂ ಜೊತೆಗಿದ್ದೆ. ಮೆಟ್ಟಿಲ ನಡುವೆ ಅಕ್ಕ ಅಭ್ಯಾಸಬಲದಿಂದ ನಿಂತು ಗೋಡೆ ನೋಡತೊಡಗಿದಳು. ಪಕ್ಕದಲ್ಲಿ ಭಾವ ಇರಲಿಲ್ಲ.

"ಏನೇ, ಗೋಡೆ ನೋಡ್ತಾ ನಿಂತ್ಯಾ?" ಮೇಲಿನಿಂದ ಭಾವನ ದನಿ. "ಬೀಗದ ಕೈ ನಿನ್ನ ಹತ್ರ ಇದೆ, ಬೇಗ ಬಾ!"

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗೊಣಗುತ್ತಲೇ ಹತ್ತಿದಳು.