ಕಾಯಿಲೆ ಮರಳಿರಲಿಲ್ಲ, ಮಾತ್ರೆ ನಿಂತಿತ್ತು

ನನಗೆ ಹಳೆಯ ಕಾಯಿಲೆ ಮರುಕಳಿಸಿರಲಿಲ್ಲ. ನನ್ನ ಮಗ ಮಾತ್ರೆಯನ್ನು ಒಂದೇ ಏಟಿಗೆ ನಿಲ್ಲಿಸಿದ. ಆದದ್ದು ಅಷ್ಟೇ.

ಯಜಮಾನರು ಹೋದ ಮೇಲೆ ನಾನು ಊಟ, ನಿದ್ದೆ ಬಿಟ್ಟು ಗೋಡೆ ನೋಡುತ್ತ ಕೂತಿದ್ದೆ. ಮನಸ್ಸಿನ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅದು ಹಿಡಿಯಿತು. ದಿಲ್ಲಿಯ ಲಕ್ಷ್ಮೀ ನಗರದ ಈ ಮೂರನೇ ಮಹಡಿಯಲ್ಲಿ ಮತ್ತೆ ಸಾರು ಕುದಿಸಿದೆ, ಬಾಲ್ಕನಿಯಿಂದ ಬಗ್ಗಿ ತರಕಾರಿಯವನ ಜೊತೆ ಜಗಳವಾಡಿದೆ. ಅದನ್ನು ನೋಡಿ ಅಮ್ಮ ರಿಪೇರಿಯಾದಳು ಅನ್ನಿಸಿತು ಮಗನಿಗೆ. ಮುಂದಿನ ಸಲ ಬಿ.ಪಿ. ಮಾತ್ರೆ ತಂದವನು ಮನಸ್ಸಿನ ಮಾತ್ರೆ ತರಲಿಲ್ಲ.

"ಡಾಕ್ಟರನ್ನ ಕೇಳಿದ್ಯೇನೋ?"

"ಕೇಳಿದೀನಮ್ಮ. ಇನ್ನು ಬೇಡವಂತೆ."

ವಾರದೊಳಗೆ ತಲೆಯಲ್ಲಿ ಕರೆಂಟು ಹೊಡೆಯತೊಡಗಿತು. ಕಣ್ಣು ಹೊರಳಿಸಿದರೆ ಸಾಕು, ಚುರ್ ಅನ್ನುತ್ತಿತ್ತು. ನಿಂತ ನೆಲ ಮೆಟ್ರೋದ ಹಾಗೆ ಜಗ್ಗುತ್ತಿತ್ತು. ವಾಂತಿ, ಬೆವರು, ಕಾರಣವಿಲ್ಲದ ಅಳು.

"ಎಲ್ಲಾ ಹೊಗೆ ಕಣಮ್ಮ. ದಿಲ್ಲೀಲಿ ಈಗ ಯಾರಿಗೆ ತಲೆ ಸುತ್ತಲ್ಲ?" ಅಂದ. ಗಾಳಿ ಶುದ್ಧ ಮಾಡುವ ಮೆಷಿನ್ನು ತಂದು ತಲೆದೆಸೆಗೆ ಇಟ್ಟ. ಅದು ಗೊರ್ ಅನ್ನುತ್ತಿತ್ತು, ನಾನು ವಾಂತಿ ಮಾಡಿಕೊಳ್ಳುತ್ತಿದ್ದೆ.

ಒಂದು ದಿನ ತಡೆಯಲಾರದೆ ಸೊಸೆಯ ಕಡೆಗೆ ತಟ್ಟೆ ಬೀಸಿ ಒಗೆದೆ. ಹೊಗೆಯ ಮಾತು ನಿಂತು ಹುಚ್ಚಿನ ಮಾತು ಶುರುವಾಯಿತು. ಮಾರನೆಯ ದಿನದಿಂದ ಇಬ್ಬರೂ ಹೊರಗಿನಿಂದ ಬೀಗ ಹಾಕಿ ಆಫೀಸಿಗೆ ಹೋದರು. ನನ್ನ ಸೇಫ್ಟಿಗಂತೆ. ಇವನ ಮೂಗು ಒರೆಸಿದವಳು ನಾನು, ಬೆಳಗಿನಿಂದ ಸಂಜೆಯವರೆಗೆ ಬಾಗಿಲು ಬಡಿದೆ.

ಕೊನೆಗೆ ಇನ್ನೂ ಜೋರಿನ ಮಾತ್ರೆ ಕೊಡಿಸುತ್ತೇನೆಂದು ಅದೇ ಡಾಕ್ಟರ ಹತ್ತಿರ ಕರೆದೊಯ್ದ.

"ಮಾತಾಜಿ, ದವಾಯಿ ಯಾರು ನಿಲ್ಲಿಸಿದ್ದು?" ಎಂದು ನನ್ನ ತಲೆಯ ಕರೆಂಟಿನ ಕತೆ ಕೇಳಿದ್ದೇ ಅವರು ಹಿಂದಿಯಲ್ಲಿ ಕೇಳಿದರು.

"ನೀವೇ ಅಲ್ಲವೇ?" ಅಂದೆ ನನ್ನ ಹರಕು ಹಿಂದಿಯಲ್ಲಿ.

ಡಾಕ್ಟರು ಮಗನ ಮುಖ ನೋಡಿದರು. ಮಗ ಫೋನು ನೋಡಿದ.

ಥಟ್ಟನೆ ಬಿಟ್ಟರೆ ಮೈ ಹೀಗೆ ತಿರುಗಿ ಬೀಳುತ್ತದೆ, ಮತ್ತೆ ಶುರು ಮಾಡಿ, ಚೇತರಿಸಿಕೊಂಡ ಮೇಲೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸೋಣ ಎಂದರು.

ಆಟೋದಲ್ಲಿ ಮಗ ಬಾಯಿಬಿಟ್ಟ. "ನಿನ್ನ ಒಳ್ಳೇದಕ್ಕೇ ಮಾಡಿದ್ದಮ್ಮ."

"ನಿನ್ನ ಒಳ್ಳೇದಕ್ಕೆ ಅಂತ ಆಫೀಸಿನವರು ನಾಳೆಯಿಂದ ನಿನ್ನ ಸಂಬಳ ನಿಲ್ಲಿಸಲಿ. ಆಗ್ಬಹುದಾ?"

"ಮೆಲ್ಲಗಮ್ಮ. ಆಟೋದವನು ಕೇಳಿಸ್ಕೊತಾನೆ."

"ಅವನಿಗೆ ಕನ್ನಡ ಬರಲ್ಲ. ಬಂದಿದ್ರೆ ಅವನೂ ಉಗೀತಿದ್ದ."

"ಅಚ್ಛಾ, ಆಯ್ತು. ನಾಳೆ ಸಂಜೆ ಬರ್ತಾ ಮಾತ್ರೆ ತರ್ತೀನಿ."

"ನೀನು ತರೋದು ಬೇಡ. ಆ ಚೀಟಿ ಇಲ್ಲಿ ಕೊಡು."

ಮರುದಿನ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗಲೇ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದುಕೊಂಡು ಮೂರು ಮಹಡಿ ಇಳಿದೆ. ಔಷಧಿ ಅಂಗಡಿಯ ಭಯ್ಯಾ ಶಟರ್ ಎತ್ತುವವರೆಗೆ ಎದುರಿನ ಕಟ್ಟೆಯ ಮೇಲೆ ಕೂತಿದ್ದೆ. ಅವನು ಮಾತ್ರೆ ಕೊಟ್ಟ. ಇನ್ನು ಮೇಲೆ ನನ್ನ ಮಾತ್ರೆ ನನ್ನ ಕೈಗೇ ಕೊಡಬೇಕೆಂದು ಹೇಳಿ, ಅವನ ಹತ್ತಿರವೇ ನೀರು ಕೇಳಿ, ಅಲ್ಲೇ ನಿಂತು ನುಂಗಿದೆ.