ಮಸ್ಕಿ ಮದುವೆಯ ಹಾಡುಗಳ ಕಾವಲು

ಸಂಶೋಧನೆಗೆ ಸಂಗ್ರಹಿಸಿದ ಡೇಟಾ ಬೀಗವಿರುವ ಕಪಾಟಿನಲ್ಲಿರಬೇಕು, ಅದರ ಕೀಲಿ ಸಂಶೋಧಕರ ಹತ್ತಿರ ಮಾತ್ರ ಇರಬೇಕು. ಇದು ನಮ್ಮ ವಿಶ್ವವಿದ್ಯಾಲಯದ ನಿಯಮ. ಸಿಂಧನೂರಿನ ನಮ್ಮ ಮನೆಯಲ್ಲಿ ಬೀಗವಿರುವ ಕಪಾಟು ಇರುವುದೇ ಒಂದು. ಅದರ ಕೀಲಿ ಅಮ್ಮಿಯ ಸೆರಗಿನ ತುದಿಗೆ ಗಂಟು ಬಿದ್ದಿರುತ್ತದೆ. ನಿಯಮವನ್ನು ಓದಿ ಹೇಳಿ ಕೀಲಿ ಕೇಳಿದೆ.

"ನಿನ್ನ ಡೇಟಾ ಒಳಗಿಡು. ಬ್ಯಾಡ ಅಂದೋರ್‍ಯಾರು? ಕೀಲಿ ನನ್ನ ಹತ್ರನ ಇರ್ತೈತಿ. ಅದರಾಗ ನನ್ನ ನಿಕಾಹದ ಸೀರಿ ಐತಿ."

ಹೀಗಾಗಿ ನನ್ನ ಹಾರ್ಡ್ ಡಿಸ್ಕು ಅಮ್ಮಿಯ ಸೀರೆಗಳ ನಡುವೆ, ನುಸಿ ಗುಳಿಗೆಯ ವಾಸನೆಯಲ್ಲಿ ಕುಳಿತಿತು. ವಿಶ್ವವಿದ್ಯಾಲಯದ ಕಾಗದದಲ್ಲಿ 'ಡೇಟಾದ ಜವಾಬ್ದಾರಿ ಯಾರದು' ಎಂಬಲ್ಲಿ ನನ್ನ ಹೆಸರು ಬರೆದೆ. ವಾಸ್ತವ ನಮ್ಮಿಬ್ಬರಿಗೆ ಗೊತ್ತಿತ್ತು.

ಆ ಕಾಗದದ ಮೇಲೆ ನನಗೆ ಗೌರವವಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಗ್ರಂಥಾಲಯದ ಕೆಳಮಹಡಿಯಲ್ಲಿ ಕೂತು ಎಲ್ಲರ ಡೇಟಾದ ಮೇಲೆ ಕಣ್ಣಿಡುವ ಸರ್ ಒಬ್ಬರಿದ್ದಾರೆ. ಪಾಸ್‌ವರ್ಡ್ ಹೀಗಿರಲಿ, ಪ್ರತಿ ಅಲ್ಲಿರಲಿ, ಹಾಡಿದವರ ಹೆಸರಿನ ಬದಲು ಒಂದು ಅಕ್ಷರವಿರಲಿ ಎಂದು ಅವರು ಹೇಳುತ್ತಿದ್ದಾಗ ನಾನು ತಡೆದು ಕೇಳಿದ್ದೆ: "ಸರ್, ಮೈಕ್ ಹಚ್ಚಿ ಇಡೀ ಓಣಿಗೆ ಕೇಳಿಸಿದ ಹಾಡು ಗೋಪ್ಯ ಹೇಗಾಗುತ್ತದೆ?"

"ಓಣಿ ಮರೆತುಬಿಡುತ್ತದಮ್ಮ. ನಿಮ್ಮ ಡಿಸ್ಕು ಮರೆಯುವುದಿಲ್ಲ."

"ನೀವು ನಮ್ಮ ಓಣಿ ನೋಡಿಲ್ಲ ಸರ್."

ಅವರು ನಕ್ಕು, ಸಹಿ ಮಾಡಬೇಕಾದ ಜಾಗ ತೋರಿಸಿದರು. ನಾನು ಗೆದ್ದೆನೆಂದುಕೊಂಡು ಸಹಿ ಮಾಡಿದೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಇದೊಂದು ರೋಗ. ಎದುರಿನವರು ನಕ್ಕರೆ ಸೋತರು ಎಂದೇ ಲೆಕ್ಕ.

ನನ್ನ ಡೇಟಾ ಎಂದರೆ ಬೈಗುಳ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ನಮ್ಮ ಮುಸಲ್ಮಾನರ ಮನೆಗಳಲ್ಲಿ ಮದುವೆಯ ದಿನ ಹೆಂಗಸರು ಎರಡು ಗುಂಪಾಗಿ ಕೂತು ಎದುರಿನ ಬೀಗರನ್ನು ಹಾಡಿನಲ್ಲಿ ಹರಿದು ಹಾಕುತ್ತಾರೆ. ಹಾಡು ನಮ್ಮ ಮನೆಮಾತಾದ ದಖನಿ ಉರ್ದುವಿನಲ್ಲಿ ಶುರುವಾಗುತ್ತದೆ. ಬೈಗುಳ ಹತ್ತಿರ ಬರುತ್ತಿದ್ದಂತೆ ಕನ್ನಡಕ್ಕೆ ಹೊರಳುತ್ತದೆ. ಯಾಕೆ ಹೊರಳುತ್ತದೆ ಎಂಬುದೇ ನನ್ನ ಪ್ರಬಂಧ. ಅಮ್ಮಿಯ ತಂಗಿ, ನನ್ನ ಖಾಲಾ, ಈ ಹಾಡುಗಳಲ್ಲಿ ದೊಡ್ಡ ಹೆಸರು. ಅವಳನ್ನು ಕೇಳಿದರೆ "ಬೈಯಾಕ ಕನ್ನಡಾನ ಚಂದ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಅಷ್ಟಕ್ಕೇ ಯಾರೂ ಡಾಕ್ಟರೇಟ್ ಕೊಡುವುದಿಲ್ಲವಾದ್ದರಿಂದ ನಾನು ರೆಕಾರ್ಡರ್ ಹಿಡಿದು ಮದುವೆ ಮದುವೆ ತಿರುಗಿದೆ.

ಈ ಹಾಡುಗಳಿಗೆ ಬರೆದಿಡದ ಎರಡು ಕಟ್ಟಳೆಗಳಿವೆ. ಮುಖದೆದುರೇ ಹಾಡಬೇಕು. ಮದುಮಗಳು ಕೂತ ಗಾಡಿ ಓಣಿ ದಾಟುವವರೆಗೆ ಮಾತ್ರ ಹಾಡಬೇಕು. ಅಲ್ಲಿಯವರೆಗೆ ಬೀಗತಿಯ ಗೊರಕೆ, ಜಿಪುಣತನ, ಗಂಡನ ಹೊಟ್ಟೆ, ಏನನ್ನಾದರೂ ಹಾಡಬಹುದು. ಬೈಸಿಕೊಂಡವಳು ನಗಲೇಬೇಕು. ಗಾಡಿ ದಾಟಿತೋ, ಅದೇ ಸಾಲನ್ನು ಗುನುಗಿದರೂ ಜಗಳ. ಬೆನ್ನ ಹಿಂದೆ ಹಾಡಿದರಂತೂ ವರ್ಷಗಟ್ಟಲೆ ಮಾತು ಬಿಡುವಷ್ಟು ಜಗಳ.

ಮಸ್ಕಿಯಲ್ಲಿ ನಮ್ಮ ಸಂಬಂಧಿಕರ ಮದುವೆಯಾಯಿತು. ಹೆಣ್ಣಿನ ಕಡೆಗೆ ಖಾಲಾ ಮುಂದಾಳು. ಗಂಡಿನ ಕಡೆಗೆ ಲಿಂಗಸುಗೂರಿನ ಒಬ್ಬ ಹೆಂಗಸು, ನಾವೆಲ್ಲ ಚಾಚೀ ಎನ್ನುವವಳು. ಇಬ್ಬರ ಒಪ್ಪಿಗೆಯನ್ನೂ ಕಾಗದದ ಮೇಲೆ ಪಡೆದು, ರೆಕಾರ್ಡರನ್ನು ಹಂದರದ ಕಂಬಕ್ಕೆ ಕಟ್ಟಿದೆ. ಎದುರುಬದುರಾಗಿ ಅವರು ಹಾಡಿದ್ದೆಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಚಾಚೀ ಊಟಕ್ಕೆದ್ದು ಹೋದಳು. ಆಗ ಖಾಲಾ, ಕಟ್ಟಳೆ ಮರೆತು, ಅವಳ ಮೇಲೆ ಒಂದು ಪದ ಕಟ್ಟಿ ಹಾಡಿದಳು. ಸುತ್ತ ಇದ್ದ ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಇಡೀ ಸಂಗ್ರಹದಲ್ಲಿ ಅಷ್ಟು ಚೊಕ್ಕವಾಗಿ ಭಾಷೆ ಹೊರಳುವ ಪದ ಇನ್ನೊಂದಿಲ್ಲ. ನನ್ನ ಒಂದು ಅಧ್ಯಾಯ ಅದರ ಮೇಲೇ ನಿಂತಿದೆ.

ಪದ ಏನೆಂದು ಹೇಳುವುದಿಲ್ಲ. ಈಗ ನಿಮಗೆ ಕುತೂಹಲವಾಗಿದ್ದರೆ, ನಿಮಗೂ ಮುಂದೆ ಬರಲಿರುವ ಲಿಂಗಸುಗೂರು ಚಾಚೀಗೂ ಏನು ಫರಕು ಎಂದು ಒಮ್ಮೆ ಯೋಚಿಸಿ.

ಖಾಲಾಗೆ ಒಂದು ಮಗಳಿದ್ದಾಳೆ. ಸಿಂಧನೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಹಟ್ಟಿಯ ಗಣಿಯಲ್ಲಿ ಶಿಫ್ಟ್ ಮಾಡುವ ಹುಡುಗನೊಬ್ಬ ರಕ್ತ ಕೊಡಲು ಬಂದವನು, ವರದಿ ಒಯ್ದ ಮೇಲೂ ಬರುವುದನ್ನು ನಿಲ್ಲಿಸಲಿಲ್ಲ. ಸಕ್ಕರೆ ಎಷ್ಟಿದೆ, ಹಿಮೋಗ್ಲೋಬಿನ್ ಎಷ್ಟಿದೆ, ಮತ್ತೊಮ್ಮೆ ನೋಡಿರಿ ಎಂದು ಸೂಜಿ ಚುಚ್ಚಿಸಿಕೊಳ್ಳುವ ಪ್ರೇಮ. ಕೊನೆಗೆ ಅವನು ಮನೆಯಲ್ಲಿ ಹೇಳಿದ. ಅವನ ತಾಯಿ ಹೆಣ್ಣು ನೋಡಲು ಬರುತ್ತೇನೆಂದು ಹೇಳಿ ಕಳಿಸಿದಳು. ಆ ತಾಯಿಯೇ ನಮ್ಮ ಲಿಂಗಸುಗೂರು ಚಾಚೀ.

ಅದರ ಮರುದಿನವೇ ಖಾಲಾ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಬುರ್ಖಾ ಕೂಡ ತೆಗೆಯಲಿಲ್ಲ.

"ಅಳಿಸು."

"ಏನ್ ಅಳಿಸ್ಲಿ ಖಾಲಾ?"

"ಆ ಮಸ್ಕಿದು. ಆಕಿ ಬರೂದ್ರಾಗ ಅಳಿಸು. ಕೇಳಬೇಕು ಅನ್ನಾಕತ್ಯಾಳಂತ."

"ಆಕೀಗೆ ಹೆಂಗ ಗೊತ್ತಾತು?"

ಖಾಲಾ ಫ್ಯಾನ್ ಕಡೆ ನೋಡಿದಳು. ಉತ್ತರ ಕೊಟ್ಟವಳು ಮಗಳು. "ಲಿಂಗಸುಗೂರಾಗ ಬಳಿ ಅಂಗಡ್ಯಾಗ ಕುಂತು ಹೇಳ್ಯಾಳ, ಆಪಾ. ನನ್ನ ಹಾಡು ಯುನಿವರ್ಸಿಟ್ಯಾಗ ಇಟ್ಟಾರ ಅಂತ."

"ಪದಾ ಏನ್ ಹೇಳಿಲ್ಲ ನಾ," ಎಂದಳು ಖಾಲಾ.

"ಯಾರ ಮ್ಯಾಲ ಅಂತ ಹೇಳ್ದ್ಯಾ?"

"ಬಳಿಗಾರ ಕೇಳಿದ. ಸುಳ್ಳು ಹೇಳಬೇಕಿತ್ತೇನು?"

ವಿಶ್ವವಿದ್ಯಾಲಯದಲ್ಲಿ ಹ್ಯಾಕರ್‌ಗಳ ಬಗ್ಗೆ ಇಡೀ ದಿನದ ಕಾರ್ಯಾಗಾರ ನಡೆಸಿದ್ದರು. ಬಳೆ ಅಂಗಡಿಯ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ನನ್ನ ಪ್ರಬಂಧದ ಕರಡಿನಲ್ಲಿ ಖಾಲಾಗೆ ಹೆಸರಿಲ್ಲ, 'ಕ' ಎಂದಷ್ಟೇ ಇದೆ. ಅದನ್ನು ತೋರಿಸಿದ್ದಾಗ "ಇಷ್ಟೆಲ್ಲಾ ಹಾಡೀನಿ, ನಾ ಬರೇ ಒಂದು ಅಕ್ಷರ ಏನು?" ಎಂದು ಮುನಿಸಿಕೊಂಡಿದ್ದಳು. ಕಳೆದುಹೋದ ಹೆಸರನ್ನು ತಾನೇ ಊರೂರಿಗೆ ಹೋಗಿ ಸೇರಿಸಿ ಬಂದಿದ್ದಾಳೆ ಎಂದು ಈಗ ತಿಳಿಯಿತು.

ನಾನು ನಿಯಮ ಹೇಳಿದೆ. ನಾನಾಗಿಯೇ ಅಳಿಸುವಂತಿಲ್ಲ, ಡೇಟಾ ತಿದ್ದಿದಂತಾಗುತ್ತದೆ. ಆದರೆ ಹಾಡಿದವಳೇ ಒಪ್ಪಿಗೆ ಹಿಂದಕ್ಕೆ ಪಡೆದರೆ ಅಳಿಸಲೇಬೇಕು. ಯಾಕೆ ಏನು ಎಂದು ಕೇಳುವ ಹಕ್ಕೂ ನನಗಿಲ್ಲ. ಇದನ್ನು ಹೇಳುವಾಗ ನನ್ನ ಅಧ್ಯಾಯ ನೆನಪಾಯಿತು. ಆದರೂ ಪೂರ್ತಿ ಹೇಳಿದೆ.

"ಪೂರಾ ಹೋಗತೈತೇನು? ಯಾರ ಕಡೇನೂ ಉಳಿಯೂದಿಲ್ಲ?"

"ಯಾರ ಕಡೇನೂ ಇಲ್ಲ."

"ಹಂಗಾದ್ರ ಒಂದ್ ಸಲ ಕೇಳಿಸು."

ತನ್ನ ಹಾಡನ್ನು ಕೇಳಲು ಅವಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಅಮ್ಮಿ ಕಪಾಟು ತೆರೆದಳು. ಖಾಲಾನ ಪದವಿದ್ದ ಭಾಗವನ್ನಷ್ಟೇ ಹುಡುಕಿ ಇಯರ್‌ಫೋನ್ ಹಚ್ಚಿಕೊಟ್ಟೆ. ಮೊದಲು ಮುಖ ಗಂಟಿಕ್ಕಿತ್ತು. ಆಮೇಲೆ ತುಟಿ ಸಡಿಲವಾಯಿತು. ಕನ್ನಡ ಶುರುವಾದ ಕಡೆಗೆ ಬಂದಾಗ ಬುರ್ಖಾದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಲುಗಾಡತೊಡಗಿದಳು.

"ಇಂಥಾದ್ದು ಮತ್ತ ಬರೂದಿಲ್ಲ ನನಗ," ಎಂದಳು ಕಣ್ಣೊರೆಸಿಕೊಂಡು.

"ಅಳಿಸ್ಲಾ?"

"ಅಳಿಸಬ್ಯಾಡ. ಬೀಗ ಹಾಕು."

"ಹಾಕೀನಿ ಖಾಲಾ."

"ಇನ್ನೊಂದು ಹಾಕು."

ಮಗಳು ಇಬ್ಬರನ್ನೂ ನೋಡುತ್ತ ನಿಂತಿದ್ದಳು. "ನಿಮ್ಮಿಬ್ಬರ ಹಾಡಿನಾಗ ನನ್ನ ಲಗ್ನ ಕೆಟ್ಟರ, ನಾ ಇಬ್ಬರ ಜೋಡೀನೂ ಮಾತಾಡೂದಿಲ್ಲ. ತಿಳೀತಾ?" ಅವಳ ದನಿ ಏರಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಚಾಚೀ ಹೇಳಿದ ದಿನ ಖಾಲಾನ ಮನೆಗೆ ಬಂದಳು. ಹುಡುಗಿಯನ್ನು ನೋಡಿದಳು, ಕೈಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು, ಚಹಾ ಕುಡಿದಳು. ಒಪ್ಪಿಗೆ ಮಾತ್ರ ಬಾಯಿಂದ ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಮ್ಯಾಲ ಗಾಳಿ ಚೊಲೋ ಇರ್ತೈತೇನವಾ? ಬಾ, ಕುಂದ್ರೂಣು," ಎಂದಳು. ಮಾಳಿಗೆ ಹತ್ತಿದೆವು. ಕೆಳಗೆ ಖಾಲಾನ ಬಳೆಗಳ ಸದ್ದು ನಿಂತೇ ಹೋಯಿತು.

"ನೀ ಮಾತಿನಾಗ ಬಹುಮಾನ ತಗೊಂಡಾಕಿ ಅಂತಲ್ಲ. ಹಂಗಾದ್ರ ಹೇಳು. ನನ್ನ ಮ್ಯಾಲ ಹಾಡಿದ್ದು ನಂದೋ, ಹಾಡಿದಾಕೀದೋ?"

"ಹಾಡಿದಾಕೀದುರಿ ಚಾಚೀ."

"ನನ್ನ ಫೋಟೋ ಯಾರರ ತಗದ್ರ, ಅದು ನಂದಲ್ಲೇನು?"

"ಮುಖ ನಿಮ್ದುರಿ. ಫೋಟೋ ತಗದೋರ್ದು."

"ಹಂಗಾದ್ರ ನನ್ನ ಮುಖಾ ನನಗ ವಾಪಸ್ ಕೊಡು, ಉಳಿದಿದ್ದು ನೀ ಇಟ್ಕೋ."

ಹಾಡಿದವರ ಒಪ್ಪಿಗೆಗೆ ವಿಶ್ವವಿದ್ಯಾಲಯದಲ್ಲಿ ಕಾಗದವಿದೆ. ಹಾಡಿಸಿಕೊಂಡವರಿಗೆ ಏನಿದೆ? ನನಗೇ ಈ ಪ್ರಶ್ನೆ ಹೊಳೆದಿರಲಿಲ್ಲ. ಸೋಲುವವರು ಕೊನೆಗೆ ಹಿಡಿಯುವ ಕಂಬವನ್ನೇ ನಾನೂ ಹಿಡಿದೆ. "ನಿಯಮ ಐತಿರಿ. ಹಾಡಿದೋರು ಹೂಂ ಅನ್ನದ ಯಾರಿಗೂ ಕೇಳಿಸಾಂಗಿಲ್ಲ."

"ಆ ನಿಯಮಾ ನೀ ನಂಬ್ತೀಯೇನು?"

ಎಷ್ಟೋ ವೇದಿಕೆಗಳ ಮೇಲೆ ನಿಂತಿದ್ದೇನೆ. ಈ ಪ್ರಶ್ನೆಯನ್ನು ಯಾವ ಎದುರಾಳಿಯೂ ಕೇಳಿಲ್ಲ. ಅಲ್ಲಿ ಯಾರಿಗೂ ಅದು ಬೇಕಿರುವುದಿಲ್ಲ.

"ನಂಬಿದ್ದಿಲ್ರಿ. ಈಗ ನಂಬಾಕತ್ತೀನಿ."

"ಈಗ ಯಾಕ?"

"ನೀವು ಹಾಡಿದ್ದೂ ಅದರಾಗ ಐತಿರಿ."

"ನಾ ಹಾಡಿದ್ದು ಎಲ್ಲಾರೂ ಕೇಳ್ಯಾರ. ಎದುರ ಕುಂತು ಹಾಡೀನಿ."

"ಅದಲ್ರಿ. ನೀವು ಉಂಡು ಬಂದ ಮ್ಯಾಲ, ಖಾಲಾ ಬಿರಿಯಾನಿ ಹಂಡೆ ನೋಡಾಕ ಹಿತ್ತಲಕ್ಕ ಹೋಗಿದ್ಲಲ್ಲ, ಆವಾಗಿಂದು."

ಚಾಚೀ ದುಪಟ್ಟಾ ಸರಿಮಾಡಿಕೊಂಡಳು. "ನೀನೂ ಆಕಿ ಹಿಂದ ಹೋಗಿದ್ದಿ."

"ನಾ ಹೋಗಿದ್ನಿರಿ. ರೆಕಾರ್ಡರ್ ಕಂಬಕ್ಕ ಇತ್ತು."

ಇದು ಬೆದರಿಕೆಯಲ್ಲವೇ ಎಂದು ಯಾರಾದರೂ ಕೇಳಬಹುದು. ವಾದ ಎಂದೇ ನನ್ನ ವಾದ. ಇಬ್ಬರೂ ಕಟ್ಟಳೆ ಮುರಿದಿದ್ದರು, ಒಂದೇ ಹಂದರದಲ್ಲಿ, ಒಬ್ಬರಿಗೊಬ್ಬರು ತಿಳಿಯದೆ. ಒಬ್ಬಳಿಗೆ ಬಾಗಿಲು ತೆರೆದರೆ ಇನ್ನೊಬ್ಬಳಿಗೂ ತೆರೆಯಬೇಕು. ಕೆಳಗೆ ಕೂತ ಹುಡುಗಿ ಮಾತ್ರ ಯಾರ ಮೇಲೂ ಏನೂ ಹಾಡಿರಲಿಲ್ಲ.

ಚಾಚೀ ಕೇಳಿದಳು, "ಆಕಿ ಕೇಳ್ಯಾಳೇನು, ನಂದು?"

"ಇಲ್ರಿ. ಐತಿ ಅಂತನೂ ಗೊತ್ತಿಲ್ಲ."

"ಕೇಳಿಸಬ್ಯಾಡ."

"ಕೇಳಿಸೂದಿಲ್ರಿ."

"ಕೀಲಿ ಯಾರ ಕಡೆ ಐತಿ?"

"ಅಮ್ಮಿ ಕಡೆ."

"ಹಂಗಾದ್ರ ಗಟ್ಟಿ ಐತಿ." ಎದ್ದು ಮೆಟ್ಟಿಲ ತನಕ ಹೋದವಳು ತಿರುಗಿ ನಿಂತಳು. ದನಿ ತಗ್ಗಿಸಿದಳು. "ಒಂದ್ ಮಾತು ಹೇಳು. ಆಕೀದು ನಂದಕಿಂತ ಖರಾಬ ಐತೇನು?"

"ಅದೂ ಡೇಟಾನರಿ ಚಾಚೀ."

ಕೆಳಗಿಳಿದು ಅವಳು ಹುಡುಗಿಯ ಬಾಯಿಗೆ ಪೇಡೆಯಿಟ್ಟಳು. ಖಾಲಾ ನನ್ನ ಮುಖ ನೋಡಿದಳು, ನಾನು ಫ್ಯಾನ್ ನೋಡಿದೆ.

ಮದುವೆ ಸಿಂಧನೂರಿನಲ್ಲೇ ಆಯಿತು. ಅದಕ್ಕೆ ಮುಂಚಿನ ವಾರಗಳಲ್ಲಿ ನನಗೆ ಸಿಕ್ಕ ಮರ್ಯಾದೆಯನ್ನು ಹೇಳತೀರದು. ಮಾಳಿಗೆಯ ಮೇಲೆ ಏನು ಮಾತಾಯಿತು ಎಂದು ತಿಳಿಯಲು ಖಾಲಾ ಖೀಮಾ ಮಾಡಿ ಕಳಿಸಿದಳು. ಲಿಂಗಸುಗೂರಿನಿಂದ ಶೀರ್ ಖುರ್ಮಾ ಬಂತು, ಜೊತೆಗೆ 'ಬರೇ ಮೊದಲನೇ ಸಾಲು ಹೇಳು ಸಾಕು' ಎಂಬ ಫೋನು. ಎರಡನ್ನೂ ತಿಂದೆ, ಏನನ್ನೂ ಹೇಳಲಿಲ್ಲ. ಈ ಬರಹಕ್ಕೆ ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಮಾಳಿಗೆಯ ಮಾತು ಬರೆಯಲು ಚಾಚೀ ಹೂಂ ಅಂದಳು, ಬೆನ್ನ ಹಿಂದೆ ಅವಳೂ ಹಾಡಿದ್ದು ಈಗ ಖಾಲಾಗೂ ಗೊತ್ತಾಗಿದೆ. ಪದಗಳು ಮಾತ್ರ ಗೊತ್ತಾಗಿಲ್ಲ.

ಮದುವೆಯ ದಿನ ಹೆಂಗಸರ ಹಂದರದಲ್ಲಿ ಇಬ್ಬರೂ ಎದುರುಬದುರು ಕೂತರು. ಹೊಸ ಒಪ್ಪಿಗೆಯ ಕಾಗದ ಮುಂದಿಟ್ಟೆ. ಚಾಚೀ ನನ್ನ ಕಿವಿಯಲ್ಲಿ ಹೇಳಿದಳು, "ಆಕಿ ಹಾಡುವಾಗ ಬಂದ್ ಮಾಡು. ನಂದು ಬಂದಾಗ ಹಚ್ಚು." ಆ ಕಡೆ ಹೋದರೆ ಖಾಲಾನೂ ಅದನ್ನೇ ಹೇಳಿದಳು, ಉಲ್ಟಾ ಮಾಡಿ. ನಾನು ನಡುವೆ ನಿಂತೆ. ಒಳ್ಳೆಯ ವಾದ ಎರಡೂ ಕಡೆಗಿತ್ತು, ಅದೇ ಕಷ್ಟ.

ಮುಖ ಮುಚ್ಚಿದ ಹೂವಿನ ಸೆಹ್ರಾದ ಒಳಗಿನಿಂದ ಮದುಮಗಳು ನನ್ನ ಬುರ್ಖಾದ ತುದಿ ಎಳೆದಳು.

"ಆಪಾ, ಈ ಇಬ್ಬರ ನಡುವ ಬಾಳೇವು ಮಾಡಾಕಿ ನಾ. ಎರಡೂ ಹಚ್ಚು. ನನ್ನ ಎದುರ ಹಾಡ್ಲಿ, ಏನ್ ಹಾಡ್ತಾರ."

ಎರಡೂ ಕಡೆಯವರು ಅದನ್ನು ಕೇಳಿಸಿಕೊಂಡರು. ಆಮೇಲೆ ಚಾಚೀ ಪೆನ್ನು ಕೇಳಿದಳು, ಸಹಿ ಮಾಡಿದಳು, ಅದನ್ನು ಖಾಲಾನ ಕಡೆ ಚಾಚಿದಳು. ಖಾಲಾ ಸಹಿ ಮಾಡಿ, ಗಂಟಲು ಸರಿಮಾಡಿಕೊಂಡು, ದಖನಿಯಲ್ಲಿ ಶುರು ಮಾಡಿದಳು.