ಬಚ್ಚಲಿಗೆ ಊದಿನಕಡ್ಡಿ ಹಿಡಿದ ಓನರಮ್ಮ

ನಮ್ಮ ಓನರಮ್ಮನ ಮೂಗು ಅವರ ಮುಖಕ್ಕಿಂತ ಒಂದು ಗಳಿಗೆ ಮೊದಲೇ ನಮ್ಮ ಬಾಗಿಲಿಗೆ ಬರುತ್ತಿತ್ತು. ಉದ್ದನೆಯ, ತುದಿಯಲ್ಲಿ ಕೊಂಚ ಬಾಗಿದ ಮೂಗು. ಎರಡೂ ಕಡೆ ಕೆಂಪು ಹರಳಿನ ಮೂಗುಬೊಟ್ಟು. ಏನಾದರೂ ವಾಸನೆ ಸಿಕ್ಕಿತೆಂದರೆ ಹೊಳ್ಳೆಗಳು ಅರಳಿ ಆ ಹರಳುಗಳು ಮಿನುಗುತ್ತಿದ್ದವು. ಮೆಟ್ಟಿಲ ಕೆಳಗೆ ನಿಂತೇ, "ತಂಗೀ, ಹಾಲು ತಳ ಹಿಡೀತು ನೋಡು" ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದರು. ಅವಳು ಒಲೆಯ ಮುಂದೆಯೇ ನಿಂತಿರುತ್ತಿದ್ದಳು. ಅವಳಿಗೆ ಇನ್ನೂ ಗೊತ್ತಾಗಿರುತ್ತಿರಲಿಲ್ಲ.

ನಾನು ಹೊನ್ನಾಳಿಯ ಕಾಲೇಜಿಗೆ ವರ್ಗವಾಗಿ ಬಂದಾಗ ನಮಗೆ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಮಹಡಿ. ಕೆಳಗೆ ಅವರು ಪಡಸಾಲೆಯಲ್ಲಿ ಮಿಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಸಾಸ್ವೆಹಳ್ಳಿಯಿಂದ ನ್ಯಾಮತಿಯವರೆಗಿನ ಹೆಂಗಸರು ಒಂದಲ್ಲ ಒಂದು ದಿನ ಅಲ್ಲಿ ಕೈ ಎತ್ತಿ ನಿಂತು ಅಳತೆ ಕೊಟ್ಟವರೇ. ಓನರಮ್ಮ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಸೂಜಿ ಬೀಳುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ಯಾರ ಮನೆಯಲ್ಲಿ ಸೊಸೆ ಮುನಿಸಿಕೊಂಡಿದ್ದಾಳೆ, ಯಾರ ಎಮ್ಮೆ ಗಬ್ಬ ನಿಂತಿಲ್ಲ, ಎಲ್ಲ ಆ ಸೂಜಿಗಳ ನಡುವಿನಿಂದಲೇ ಹೊರಬರುತ್ತಿತ್ತು.

ಅವರ ಜತೆ ನಮ್ಮ ಮೊದಲ ತಕರಾರು ಹೊಗೆಯದು. ಅವರ ಬಚ್ಚಲಲ್ಲಿ ಸೌದೆ ಉರಿಯ ತಾಮ್ರದ ಹಂಡೆ ಇತ್ತು. ಅದರ ಹೊಗೆಯ ಪೈಪು ಗೋಡೆಗುಂಟ ಮೇಲೆ ಬಂದು, ಸರಿಯಾಗಿ ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ ನಿಂತುಬಿಟ್ಟಿತ್ತು. ಅವರು ನೀರು ಕಾಯಿಸಿದರೆ ನಾವು ಕೆಮ್ಮುತ್ತಿದ್ದೆವು. ನನ್ನ ಹೆಂಡತಿ ಹೋಗಿ ಹೇಳಿದಳು. ಅವರು ನಂಬಲಿಲ್ಲ. ಕೆಳಗೆ ಒಲೆಗೆ ನಾಲ್ಕು ಹಸಿ ಸೌದೆ ತುರುಕಿ, ತಾವೇ ಮೇಲೆ ಬಂದು ನಮ್ಮ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕಣ್ಣಲ್ಲಿ ನೀರು ಸುರಿದು, ಕುಂಕುಮ ಇಳಿದು, ಸೆರಗಿನಿಂದ ಮುಖ ಮುಚ್ಚಿಕೊಳ್ಳುವವರೆಗೂ ಏಳಲಿಲ್ಲ. "ಹೌದು ತಂಗೀ, ಬರ್ತೈತೆ" ಎಂದು ಇಳಿದುಹೋದರು. ಮಾರನೆಯ ದಿನವೇ ಮೇಸ್ತ್ರಿ ಬಂದು ಪೈಪನ್ನು ತಾರಸಿಯಿಂದ ಆಳೆತ್ತರ ಮೇಲಕ್ಕೇರಿಸಿ, ಮಳೆ ನೀರು ಬೀಳದ ಹಾಗೆ ಅದಕ್ಕೊಂದು ತಗಡಿನ ಟೋಪಿ ಇಟ್ಟು ಹೋದ. ತಪ್ಪು ತಮ್ಮದೆಂದು ಗೊತ್ತಾದ ಮೇಲೆ ಅವರು ಒಂದು ದಿನವೂ ತಡ ಮಾಡುತ್ತಿರಲಿಲ್ಲ. ಗೊತ್ತಾಗುವವರೆಗೆ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಹಂಡೆಯ ಕಾಲ ಮುಗಿದದ್ದು ಅವರ ತಮ್ಮನಿಂದ. ತಮ್ಮ ಜಗಳೂರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರು. ಗೌರಿ ಹಬ್ಬಕ್ಕೆ ಅಕ್ಕನಿಗೆ ಸೀರೆಯ ಬದಲು ಒಂದು ಗ್ಯಾಸ್ ಗೀಸರ್ ತಂದುಕೊಟ್ಟರು. ಜತೆಗೆ ಕರೆತಂದ ಕೆಲಸದವನ ಕೈಯಲ್ಲಿ ಬಚ್ಚಲ ಒಳಗೋಡೆಗೇ ಅದನ್ನು ತೂಗುಹಾಕಿಸಿ, ಊಟ ಮಾಡಿ ಹೋದರು. ಅದರ ಹೊಗೆ ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅದಕ್ಕೆ ಹೊಗೆಯೇ ಇರಲಿಲ್ಲ. ನೀಲಿ ಉರಿ, ನಲ್ಲಿ ತಿರುಗಿಸಿದರೆ ಬಿಸಿ ನೀರು. ಓನರಮ್ಮ ಬಂದವರಿಗೆಲ್ಲ ಅಳತೆ ತೆಗೆಯುವ ಮೊದಲು ಬಚ್ಚಲು ತೋರಿಸತೊಡಗಿದರು.

ಆ ಬಚ್ಚಲಿಗೆ ಇದ್ದದ್ದು ಮೊಳದಗಲದ ಒಂದೇ ಒಂದು ಗವಾಕ್ಷಿ. ಹೊನ್ನಾಳಿಯ ಮಂಗಗಳಿಗೆ ಅದು ಬಹಳ ಇಷ್ಟ. ಒಂದು ದಿನ ಕೈಹಾಕಿ ಸೋಪು ಎತ್ತಿಕೊಂಡು ಹೋದವು, ಇನ್ನೊಂದು ದಿನ ಸೀಗೆಪುಡಿಯ ಡಬ್ಬಿ. ಮೂರನೆಯ ಸಲ, ಓನರಮ್ಮ ಒಳಗಿರುವಾಗಲೇ ಒಂದು ಗಡವ ಮುಖ ಇಟ್ಟು ನೋಡಿತಂತೆ. ಅವತ್ತೇ ರವಿಕೆ ಚೂರುಗಳ ಗಂಟು ಕಟ್ಟಿ ಗವಾಕ್ಷಿಗೆ ಭದ್ರವಾಗಿ ಜಡಿದರು. ಹಳೆಯ ಹಂಡೆಯ ಪೈಪಿನ ಬಾಯಿಗೂ ಗೋಣಿ ತುರುಕಿದರು, ಹಲ್ಲಿ ಬರುತ್ತದೆಂದು.

ನನ್ನ ಹೆಂಡತಿಗೆ ಇದು ಸರಿಬರಲಿಲ್ಲ. ಹೀಗೆ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿಸಬಾರದಂತೆ, ಎಲ್ಲೋ ಓದಿದ್ದೇನೆ, ಎಂದು ಅವರಿಗೆ ಹೇಳಿದಳು. ಓನರಮ್ಮ ಸೂಜಿಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಅವರು ಹಾಗೆ ಮಾಡಿದರೆ ಮಾತು ಕೊನೆಯದೆಂದು ಅರ್ಥ. "ಗ್ಯಾಸ್ ಸೋರಿದ್ರೆ ನನ್ ಮೂಗಿಗೆ ತಿಳಿಯಾಕಿಲ್ವೇನು ತಂಗಿ? ನಿಮ್ಮನೆ ಹಾಲು ಸೀಯೋದು ತಿಳೀತೈತೆ, ನಮ್ಮನೆ ಗ್ಯಾಸ್ ತಿಳಿಯಾಕಿಲ್ವಾ?"

ಸ್ನಾನ ಮಾಡುವಾಗ ಸೋಬಾನೆ ಪದ ಹಾಡುವುದು ಅವರ ರೂಢಿ. ರಾಗ ಅವರಿಗೆ ಒಗ್ಗಿರಲಿಲ್ಲ, ಆದರೆ ಪದ ಒಂದೂ ಬಿಡುತ್ತಿರಲಿಲ್ಲ. ಬೀಗರನ್ನು ಕರೆಯುವಲ್ಲಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಇಡೀ ಮದುವೆ ಮುಗಿಸಿಯೇ ಹೊರಬರುತ್ತಿದ್ದರು. ಕಾರ್ತಿಕದ ಒಂದು ಬೆಳಿಗ್ಗೆ, ಧಾರೆಗೆ ಇನ್ನೇನು ನೀರು ಬಿಡಬೇಕು ಎನ್ನುವಲ್ಲಿ ಹಾಡು ನಿಂತಿತು. ನಾನು ಪೇಪರು ಓದುತ್ತಿದ್ದವನು ನಿಜ ಹೇಳಬೇಕೆಂದರೆ ಹಾಯೆನ್ನಿಸಿ ಪುಟ ತಿರುವಿದೆ. ಹೆಂಡತಿ ಮಾತ್ರ ಚಪಾತಿ ಹಿಟ್ಟಿನ ಕೈಯಲ್ಲೇ ಹೊರಬಂದಳು. "ನೀರಿನ ಸದ್ದು ಬರ್ತೈತೆ, ಅವರ ಸದ್ದಿಲ್ಲ. ಏಳ್ರೀ."

ಬಾಗಿಲು ಬಡಿದೆವು. ಕೂಗಿದೆವು. ಒಳಗೆ ನೀರು ಮಾತ್ರ ಸುರಿಯುತ್ತಿತ್ತು. ನಾನು ಭುಜ ಕೊಟ್ಟೆ. ಬಾಗಿಲು ಅಲ್ಲಾಡಲಿಲ್ಲ, ನನ್ನ ಭುಜ ಮಾತ್ರ ಒಂದು ತಿಂಗಳು ನೋಯಿತು. ಪಕ್ಕದ ಮನೆಯ ಲಾರಿ ಡ್ರೈವರು ಹಾರೆ ಹಿಡಿದು ಓಡಿಬಂದ. ಚಿಲಕ ಕಿತ್ತುಬಂದಿತು. ಅವನನ್ನೂ ನನ್ನನ್ನೂ ಹಿಂದಕ್ಕೆ ತಳ್ಳಿ ಹೆಂಡತಿ ಮೊದಲು ಒಳಗೆ ಹೋದಳು. ಗೀಸರ್ ಆರಿಸಿ, ಸೀರೆ ಸುತ್ತಿ, ಆಮೇಲೆ ನಮ್ಮನ್ನು ಕರೆದಳು. ಓನರಮ್ಮ ಗೋಡೆಗೆ ಒರಗಿ ಕುಸಿದಿದ್ದರು. ಕಣ್ಣು ಅರೆ ತೆರೆದಿತ್ತು, ಕರೆದರೆ ಗೊತ್ತಾಗುತ್ತಿರಲಿಲ್ಲ. ಮೂವರೂ ಸೇರಿ ಅಂಗಳಕ್ಕೆ ಹೊತ್ತು ತಂದು ತುಳಸಿಕಟ್ಟೆಯ ಪಕ್ಕ ಮಲಗಿಸಿದೆವು. ನನ್ನ ಹೆಂಡತಿ ಅವರ ಕೆನ್ನೆ ತಟ್ಟುತ್ತ ಅಳುತ್ತಿದ್ದಳು. ಅಷ್ಟು ಹೊತ್ತು ಆ ಮನೆಯಲ್ಲಿ ಅವರ ಮಾತಿಲ್ಲದೆ ಇದ್ದದ್ದು ಅದೇ ಮೊದಲು.

ಬೆಳಗಿನ ಗಾಳಿ ಮುಖಕ್ಕೆ ಬಡಿದು ಸ್ವಲ್ಪ ಹೊತ್ತಿಗೆ ಉಸಿರು ದೀರ್ಘವಾಯಿತು. ಕಣ್ಣು ಹೊರಳಿಸಿ ಹಾರೆ ಹಿಡಿದವನನ್ನು ನೋಡಿದರು, ಅವನ ಹಿಂದೆ ವಾಲಿಕೊಂಡಿದ್ದ ಬಾಗಿಲನ್ನು ನೋಡಿದರು. ತುಟಿ ಅಲುಗಿತು. ಹೆಂಡತಿ ಕಿವಿ ಹತ್ತಿರ ಇಟ್ಟಳು.

"ಸಾಗುವಾನಿ ಬಾಗಿಲು ಅದು" ಎಂದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ ಮಲಗಿಸಿಕೊಂಡರು. ಸಂಜೆಗೆ ಎದ್ದು ಕೂತ ಮೇಲೆ ಡಾಕ್ಟರಮ್ಮ ತಿಳಿಸಿ ಹೇಳಿದರು. ಗ್ಯಾಸ್ ಸೋರಿದ್ದಲ್ಲ, ಸರಿಯಾಗಿಯೇ ಉರಿದಿದೆ. ಆದರೆ ಮುಚ್ಚಿದ ಕೋಣೆಯಲ್ಲಿ ಉರಿಗೆ ಗಾಳಿ ಸಾಲದಾದಾಗ ಬೇರೊಂದು ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ಹೊಗೆಯಿಲ್ಲ, ವಾಸನೆಯೂ ಇಲ್ಲ. ಓನರಮ್ಮ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಕೊನೆಯ ಮಾತಿಗೆ ಮಾತ್ರ ಮುಖ ಸಿಂಡರಿಸಿ, "ಚೂರೂ ವಾಸನೆ ಇಲ್ಲ ಅಂತೀರಾ?" ಎಂದು ಮತ್ತೆ ಮತ್ತೆ ಕೇಳಿದರು. ಜೀವ ಹೋಗುವುದರಲ್ಲಿತ್ತು ಎನ್ನುವುದಕ್ಕಿಂತ ಆ ಗಾಳಿ ತಮ್ಮ ಮೂಗನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಎನ್ನುವುದು ಅವರನ್ನು ಹೆಚ್ಚು ಕೆಣಕಿತು.

ಮನೆಗೆ ಬಂದವರು ಒಳಗೆ ಕಾಲಿಡುವ ಮೊದಲೇ ಮೇಸ್ತ್ರಿಗೆ ಫೋನ್ ಮಾಡಿಸಿದರು. ಗೀಸರ್ ಹೊರಗೋಡೆಗೆ ಹೋಯಿತು, ಬಿಸಿ ನೀರಿನ ಪೈಪು ಮಾತ್ರ ಒಳಗೆ ಬಂದಿತು. ಗವಾಕ್ಷಿಯ ಗಂಟು ಕಿತ್ತು ಅಲ್ಲಿ ಮಂಗ ನುಗ್ಗದ ಹಾಗೆ ಜಾಲರಿ ಹೊಡೆಸಿದರು. ಬಾಗಿಲ ಹತ್ತಿರ, ನೆಲದಿಂದ ಗೇಣು ಮೇಲೆ, ಗಾಳಿ ಒಳಗೆ ಬರಲೆಂದು ಇನ್ನೊಂದು ತೂತು. ಅಲ್ಲಿಗೆ ನಿಲ್ಲಿಸಿದ್ದರೆ ಅವರು ನಮ್ಮ ಓನರಮ್ಮ ಆಗುತ್ತಿರಲಿಲ್ಲ.

ರವಿಕೆ ಅಳತೆಗೆ ಕೈ ಎತ್ತಿ ನಿಂತವರಿಗೆಲ್ಲ ಮೊದಲ ಪ್ರಶ್ನೆ ಇದೇ ಆಯಿತು: ನಿಮ್ಮನೇಲಿ ನೀರು ಯಾವುದರಲ್ಲಿ ಕಾಯಿಸ್ತೀರಿ, ಹೊಗೆ ಎಲ್ಲಿ ಹೋಗ್ತೈತೆ? ಸರಿಯಾದ ಉತ್ತರ ಬರದಿದ್ದರೆ ರವಿಕೆ ತಯಾರಾಗುತ್ತಿರಲಿಲ್ಲ. ತೋಳು ಒಂದು ಬಾಕಿ ಐತೆ ಎನ್ನುತ್ತಿದ್ದರು, ಗುಂಡಿ ಬಾಕಿ ಐತೆ ಎನ್ನುತ್ತಿದ್ದರು. ಮದುವೆ ಹತ್ತಿರ ಬಂದ ಮನೆಗಳವರು ಬೇರೆ ದಾರಿ ಕಾಣದೆ ಗೋಡೆಗೆ ತೂತು ಹೊಡೆಸಿ, ಮೊಬೈಲಿನಲ್ಲಿ ಫೋಟೋ ತಂದು ತೋರಿಸಿ, ರವಿಕೆ ಬಿಡಿಸಿಕೊಂಡು ಹೋಗುತ್ತಿದ್ದರು.

ಊದಿನಕಡ್ಡಿಯ ಪ್ರಸಂಗ ನಡೆದದ್ದು ನ್ಯಾಮತಿಯಲ್ಲಿ. ಗಿರಾಕಿಯೊಬ್ಬರ ಮಗಳ ಮದುವೆಗೆ ಓನರಮ್ಮನ ಜತೆ ನಾವೂ ಹಿಂದಿನ ದಿನವೇ ಹೋಗಿದ್ದೆವು. ಬೆಳಿಗ್ಗೆ ಗಂಡಿನ ಕಡೆಯವರ ಸ್ನಾನಕ್ಕೆಂದು ಅವರ ಹೊಸ ಬಚ್ಚಲಲ್ಲಿ ದೊಡ್ಡ ಬಾಯ್ಲರಿಗೆ ಇದ್ದಿಲು ತುಂಬಿ ಉರಿ ಹಾಕಿದ್ದರು. ಇದ್ದಿಲಲ್ಲವೆ, ಕಣ್ಣಿಗೆ ಹೊಗೆ ಕಾಣುತ್ತಿರಲಿಲ್ಲ. ಹೊರಗೆ ವರನ ಸೋದರಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಮೊದಲನೆಯವರಾಗಿ ನಿಂತಿದ್ದರು. ಅಷ್ಟರಲ್ಲಿ ಓನರಮ್ಮ ದೇವರ ಕೋಣೆಯಿಂದ ಹೊತ್ತಿಸಿದ ಊದಿನಕಡ್ಡಿ ತೆಗೆದುಕೊಂಡು ಅವರನ್ನು ದಾಟಿ ಒಳಗೆ ಹೋದರು. ಬಾಯ್ಲರಿನ ಸುತ್ತ, ಪೈಪಿನ ಸಂದಿಗೆ, ಒಲೆಯ ಬಾಯಿಗೆ ನಿಧಾನವಾಗಿ ಕಡ್ಡಿ ಹಿಡಿಯತೊಡಗಿದರು. ಪೈಪು ಸರಿಯಿದ್ದರೆ ಕಡ್ಡಿಯ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ಅವರ ಮೇಸ್ತ್ರಿ ಹೇಳಿಕೊಟ್ಟಿದ್ದನಂತೆ. ಅದು ಬೀಗರಿಗೆ ಹೇಗೆ ಗೊತ್ತಾಗಬೇಕು? ಬಚ್ಚಲಿಗೆ ಪೂಜೆ ನಡೀತಿದೆ ಎಂದು ಸುದ್ದಿ ಪಡಸಾಲೆಗೆ ಹೋಯಿತು. ಇದು ಈ ಮನೆಯ ಪದ್ಧತಿ ಇರಬೇಕೆಂದು ಇಬ್ಬರು ಹೆಂಗಸರು ಭಕ್ತಿಯಿಂದ ಬಂದು ಕೈಮುಗಿದು ನಿಂತರು. ಒಬ್ಬರು ಅರಿಶಿನ ಕುಂಕುಮದ ಬಟ್ಟಲನ್ನೂ ತಂದರು.

ಕಡ್ಡಿಯ ಹೊಗೆ ಪೈಪಿನ ಕಡೆ ಹೋಗಲಿಲ್ಲ. ತಿರುಗಿ ಓನರಮ್ಮನ ಮುಖಕ್ಕೇ ಬಂದಿತು.

ಅವರು ಬಾಗಿಲಿಗೆ ಅಡ್ಡ ನಿಂತುಬಿಟ್ಟರು. "ಯಾರೂ ಒಳಗೆ ಹೋಗಂಗಿಲ್ಲ. ಪೈಪು ಕಟ್ಟೈತೆ." ಸೋದರಮಾವ ಅವಮಾನವಾಯಿತೆಂದರು. ಹುಡುಗಿಯ ಅಪ್ಪ ಕೈ ಹಿಸುಕಿಕೊಂಡು, ಅಕ್ಕಾರೆ, ಮುಹೂರ್ತ ಐತೆ, ಎಂದು ಗೋಗರೆದರು. ಓನರಮ್ಮ ಬಗ್ಗಲಿಲ್ಲ. "ಮುಹೂರ್ತಕ್ಕೆ ಜೀವ ಇದ್ದೋರು ಬೇಕಲ್ರೀ? ತಣ್ಣೀರು ಸ್ನಾನ ಮಾಡ್ಲಿ, ಏನೂ ಸವೆಯಾಕಿಲ್ಲ."

ಯಾರೋ ಬೇಸರದಿಂದಲೇ ತಾರಸಿಗೆ ಹತ್ತಿ ಗಳ ಹಾಕಿ ತಿವಿದು ಎಳೆದರು. ಪೈಪಿನ ಒಳಗಿಂದ ಗೊರವಂಕದ ಗೂಡೊಂದು ಹುಲ್ಲು, ದಾರ, ಪ್ಲಾಸ್ಟಿಕ್ ಸಮೇತ ಚೂರು ಚೂರಾಗಿ ಹೊರಬಂದು ಅಂಗಳಕ್ಕೆ ಉದುರಿತು. ಪುಣ್ಯಕ್ಕೆ ಹಕ್ಕಿ ಯಾವಾಗಲೋ ಖಾಲಿ ಮಾಡಿ ಹೋಗಿತ್ತು. ಸೋದರಮಾವ ಆ ರಾಶಿಯನ್ನು ನೋಡಿ ಬಾವಿಕಟ್ಟೆಗೆ ಹೋಗಿ ತಣ್ಣೀರು ಹೊಯ್ದುಕೊಂಡರು. ಊಟದ ಹೊತ್ತಿಗೆ ಓನರಮ್ಮನ ಎಲೆಗೆ ತಾವೇ ಬಂದು ಹೋಳಿಗೆ ಬಡಿಸಿ, ತುಪ್ಪ ಹಾಕಿ, "ನಮ್ಮೂರಿಗೂ ಒಂದ್ಸಲ ಬರ್ರಿ" ಎಂದರು.

ಓನರಮ್ಮ ಜಗಳೂರಿಗೂ ಹೋದರು, ತಮ್ಮನ ಬಚ್ಚಲು ನೋಡಲಿಕ್ಕೆ. ಮೇಸ್ತ್ರಿಯನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿದ್ದರು. ಅಲ್ಲಿ ನೋಡಿದರೆ ತಮ್ಮನ ಮನೆಯಲ್ಲಿ ಗೀಸರೇ ಇಲ್ಲ, ತಾತನ ಕಾಲದ ಹಂಡೆ! ಅಕ್ಕನಿಗೆ ಕೊಟ್ಟದ್ದು ಅವರ ಅಂಗಡಿಗೆ ಕಂಪನಿಯವರು ಬಹುಮಾನವಾಗಿ ಕೊಟ್ಟ ಮಾಲಂತೆ. ಅವರ ಹೆಂಡತಿಗೆ ಗ್ಯಾಸೆಂದರೆ ಹೆದರಿಕೆಯಾದ್ದರಿಂದ ಅದು ಹೊನ್ನಾಳಿಗೆ ಬಂದಿತ್ತು. ಓನರಮ್ಮ ಇದನ್ನು ನಮಗೆ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ವರ್ಷದಿಂದ ತಮ್ಮನಿಂದ ಹಬ್ಬಕ್ಕೆ ರೇಷ್ಮೆ ಸೀರೆಯೇ ಬರತೊಡಗಿತು.

ನಾವು ಚನ್ನಗಿರಿಯಲ್ಲಿ ಸ್ವಂತ ಮನೆ ಕಟ್ಟಿದಾಗ ಗೃಹಪ್ರವೇಶಕ್ಕೆ ಬಂದ ಓನರಮ್ಮ ಮೊದಲು ನೋಡಿದ್ದು ದೇವರ ಕೋಣೆಯಲ್ಲ. ಇಂಜಿನಿಯರು ಅಂದವಾಗಿ ಮುಚ್ಚಿದ್ದ ಬಚ್ಚಲ ಗೋಡೆಯಲ್ಲಿ ಎರಡು ತೂತು ಹೊಡೆಸಿ, ಆಮೇಲೆ ಊಟಕ್ಕೆ ಕೂತರು.

ಓನರಮ್ಮನನ್ನು ಕೊನೆಯ ಸಲ ನೋಡಿದ್ದು ಹೋದ ಬೇಸಿಗೆಯಲ್ಲಿ, ಜಗಳೂರಿನ ತಮ್ಮನ ಮನೆಯಲ್ಲಿ. ವಯಸ್ಸಾಗಿತ್ತು, ಹೃದಯ ಸೋತಿತ್ತು, ಮಾತು ಸಣ್ಣಗಾಗಿತ್ತು. ನನ್ನ ಹೆಂಡತಿಯ ಕೈ ಹಿಡಿದುಕೊಂಡರು. "ಅವತ್ತು ನೀನು ನನ್ ಹಾಡಿಗೆ ಕಿವಿ ಕೊಟ್ಟಿದ್ದಕ್ಕೆ ಇಷ್ಟು ವರ್ಷ ಸಿಕ್ತು ತಂಗಿ. ಸುಮ್ನೆ ಕೂತು ಕಳೀಲಿಲ್ಲ ನೋಡು" ಎಂದರು. ವಾರದೊಳಗೆ ತೀರಿಕೊಂಡರು.

ಅವರ ಕಾರ್ಯಕ್ಕೆ ಬಂದ ಹೆಂಗಸರಲ್ಲಿ ಬಹಳ ಮಂದಿ ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಚಪ್ಪರದ ಕೆಳಗೆ ಕೂತವರು, ನಿಮ್ಮ ಗೋಡೆಗೂ ಹೊಡೆಸಿದ್ರಾ, ಎಂದು ಮಾತು ತೆಗೆದರು. ಒಬ್ಬರದು ತೆಂಗಿನಕಾಯಿ ಗಾತ್ರದ ತೂತು, ಇನ್ನೊಬ್ಬರದು ಹೊಸ ಟೈಲ್ಸ್ ಒಡೆದದ್ದು. ತ್ಯಾವಣಿಗೆಯಿಂದ ಬಂದಾಕೆಗೆ ಮಗಳ ಸೀಮಂತದ ರವಿಕೆಯನ್ನು ಕಾರ್ಯಕ್ರಮದ ದಿನ ಬೆಳಿಗ್ಗೆ ಕೊಟ್ಟಿದ್ದರಂತೆ. ಅವತ್ತು ಎಷ್ಟು ಬೈದುಕೊಂಡೆ ಎಂದು ಆಕೆ ನಗುತ್ತಲೇ ಕಣ್ಣೊರೆಸಿಕೊಂಡಳು.

ಮೊನ್ನೆ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಬಚ್ಚಲಿನ ಹೊರಗೋಡೆಗೆ ಬಂದಾಗ ಪೇಂಟರ್ ಕೆಲಸ ನಿಲ್ಲಿಸಿ ನನ್ನನ್ನು ಕರೆದ. ಈ ತೂತು ಚೆಂದ ಕಾಣಲ್ಲ ಸಾರ್, ಪುಟ್ಟಿ ಮೆತ್ತಿ ಮುಚ್ಚಿಬಿಡ್ಲಾ, ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ನನ್ನ ಹೆಂಡತಿ ಓಡಿಬಂದು, ಅವನ ಕೈಯಿಂದ ಪುಟ್ಟಿಯ ಡಬ್ಬಿಯನ್ನೇ ತೆಗೆದುಕೊಂಡು ಹೋದಳು.